ಕಾರಿನ ಎಂಜಿನ್ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಆಗುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ತೋಟಗಳ ಪಂಪ್‌ಸೆಟ್ಟು, ಕಾಫಿ ಹಣ್ಣು ಸುಲಿಯುವ ಪಲ್ಪರ್, ಜೀಪು ರಿಪೇರಿ ಮಾಡಿಕೊಂಡೇ ಇಪ್ಪತ್ತೆರಡು ವರ್ಷ ಕಳೆದಿವೆ. ನಾಲ್ಕು ವರ್ಷದಿಂದ ಶೆಡ್ಡಿನ ಹಿಂಬದಿಯಲ್ಲಿ ಒಂದು ಮಾರುತಿ ಜಿಪ್ಸಿ ಜೀಪಿನ ಎಂಜಿನ್‌ಗೆ ಪ್ರೊಪೆಲ್ಲರ್ ಕಟ್ಟಿ, ಕಬ್ಬಿಣದ ಸ್ಟ್ಯಾಂಡ್ ಮೇಲೆ ಓಡಿಸಿ ನೋಡುತ್ತಿದ್ದೇನೆ. ಸದ್ದು ಕೇಳಿ ಒಳಗೆ ಬಂದವರು, ಇಂಜಿನಿಯರಿಂಗ್ ಓದುವ ಹುಡುಗರು, ತೋಟದ ಸಾಹುಕಾರರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಿಂತು ಹೇಳಲು ಎಷ್ಟೋ ಸಲ ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಅಣ್ಣ, ಕಾರಿನ ಎಂಜಿನ್‌ನಲ್ಲಿ ವಿಮಾನ ನಿಜವಾಗಿಯೂ ಹಾರುತ್ತದಾ?

ಹಾರುತ್ತದೆ, ನೂರು ವರ್ಷದಿಂದ ಹಾರುತ್ತಲೇ ಇದೆ. ಅಮೆರಿಕದ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲೇ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂರಿಸಿ ಏರ್ ಕ್ಯಾಂಪರ್ ಎಂಬ ಮರದ ವಿಮಾನ ಹಾರಿಸಿದರು. ಅದೇ ನಕ್ಷೆ ಹಿಡಿದು ಜನ ಇವತ್ತಿಗೂ ವಿಮಾನ ಕಟ್ಟುತ್ತಾರೆ. ಆಮೇಲೆ ಫೋಕ್ಸ್‌ವ್ಯಾಗನ್ ಬೀಟಲ್, ಷೆವರ್ಲೆ ಕಾರ್ವೇರ್, ಸುಬಾರು, ಸುಜುಕಿ, ಹೋಂಡಾ ಎಂಜಿನ್‌ಗಳೆಲ್ಲ ಮೇಲೇರಿವೆ.

ಇನ್ನೂ ಹಿಂದಕ್ಕೆ ಹೋದರೆ 1903ರ ರೈಟ್ ಸಹೋದರರ ವಿಮಾನವೇ ಇದೆ. ಸಾಕಷ್ಟು ಹಗುರವಾದ ಎಂಜಿನ್ ಮಾಡಿಕೊಡಲು ಕಾರು ಕಂಪನಿಗಳು ಒಪ್ಪದೆ ಹೋದಾಗ, ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರದಲ್ಲಿ ಹನ್ನೆರಡು ಎಚ್‌ಪಿ ಎಂಜಿನ್ ಮಾಡಿಕೊಟ್ಟರು. ಲೇತ್ ಹಿಡಿದು ಕೆಲಸ ಮಾಡುವ ನನಗೆ ಆ ಮನುಷ್ಯನ ಹೆಸರು ಹೇಳುವಾಗ ಎದೆ ತುಂಬಿ ಬರುತ್ತದೆ. ಆ ಎಂಜಿನ್ ನಿಮಿಷಕ್ಕೆ ಸುಮಾರು ಸಾವಿರ ಸುತ್ತು ತಿರುಗುತ್ತಿತ್ತು, ಪ್ರೊಪೆಲ್ಲರ್ ಮುನ್ನೂರೈವತ್ತು. ನಡುವೆ ಸೈಕಲ್ಲಿನ ಹಾಗೆ ಚೈನು, ಹಲ್ಲುಗಾಲಿ. ಮುಂದೆ ನಾನು ಹೇಳುವ ತಲೆನೋವೆಲ್ಲ ಈ ನಡುವಿನ ಜಾಗದ್ದೇ.

ಪ್ರೊಪೆಲ್ಲರ್ ಅನ್ನು ನೇರ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಗೇ ಬೋಲ್ಟ್ ಹಾಕಿ ಬಿಗಿದರೆ ಆಗದೇ?

ಸ್ವಲ್ಪ ಲೆಕ್ಕ ಮಾಡೋಣ. ಪ್ರೊಪೆಲ್ಲರ್ ಒಂದು ತುದಿಯಿಂದ ಇನ್ನೊಂದು ತುದಿಗೆ 1.7 ಮೀಟರ್ ಅಂದುಕೊಳ್ಳಿ. ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 240 ಮೀಟರ್ ಓಡುತ್ತದೆ. ಅದನ್ನೇ 5,500ಕ್ಕೆ ತಿರುಗಿಸಿದರೆ 490 ಮೀಟರ್. ಶಬ್ದದ ವೇಗವೇ ಸುಮಾರು 340. ತುದಿ ಆ ವೇಗದ ಹತ್ತಿರಕ್ಕೆ ಹೋಗುತ್ತಿದ್ದಂತೆ ಎಳೆಯುವ ಶಕ್ತಿ ಬಿದ್ದುಹೋಗಿ, ಬರೀ ಕಿವಿ ಹರಿಯುವ ಸದ್ದು ಉಳಿಯುತ್ತದೆ.

ಹಾಗಾದರೆ ಎಂಜಿನ್ನನ್ನೇ 2,700ರಲ್ಲಿ ಓಡಿಸೋಣ ಅಂದರೆ ಎಚ್‌ಪಿ ಎಲ್ಲಿಂದ ಬರಬೇಕು? ಜಿಪ್ಸಿಯ 1,298 ಸಿಸಿ ಎಂಜಿನ್‌ನ ಟಾರ್ಕ್, ಅಂದರೆ ತಿರುಗಿಸುವ ಬಲ, ನೂರು ನ್ಯೂಟನ್ ಮೀಟರ್ ಆಸುಪಾಸು. 2,700 ಸುತ್ತಿಗೆ ಅದು 38 ಎಚ್‌ಪಿ ಕೊಡುತ್ತದೆ, 5,500ಕ್ಕೆ 78. ಕಾಂಟಿನೆಂಟಲ್ ಓ-200 ಎಂಬ ವಿಮಾನದ ಎಂಜಿನ್ 2,750 ಸುತ್ತಿನಲ್ಲೇ ನೂರು ಎಚ್‌ಪಿ ಕೊಡುತ್ತದೆ, ಯಾಕೆಂದರೆ ಅದರ ಹೊಟ್ಟೆ 3.3 ಲೀಟರ್. ಸಣ್ಣ ಎಂಜಿನ್ ಬೇಕು ಅಂದರೆ ಜೋರಾಗಿ ತಿರುಗಿಸಿ, ನಡುವೆ ಸುತ್ತು ಇಳಿಸುವ ರಿಡಕ್ಷನ್ ಹಾಕಲೇಬೇಕು.

ಬೀಟಲ್ ಎಂಜಿನ್‌ಗೆ ನೇರ ಕಟ್ಟುತ್ತಾರೆ ನಿಜ. ಅಲ್ಲೂ ಎರಡು ಅಪಾಯ ಇವೆ. ಕಾರಿನ ಕ್ರ್ಯಾಂಕ್ ಮುಂದಕ್ಕೆ ಹಿಂದಕ್ಕೆ ತಡೆದುಕೊಳ್ಳಬೇಕಾದ ಒತ್ತಡ ಅಂದರೆ ಕ್ಲಚ್ ಒತ್ತಿದಾಗಿನದು ಮಾತ್ರ. ಇಡೀ ವಿಮಾನವನ್ನು ಎಳೆಯುವ ಭಾರ ಆ ಒತ್ತಡ ತಡೆಯುವ ಥ್ರಸ್ಟ್ ವಾಷರ್‌ಗೆ ಗೊತ್ತೇ ಇಲ್ಲ. ಎರಡನೆಯದು, ವಿಮಾನ ಮೂತಿ ತಿರುಗಿಸಿದಾಗ ಸುತ್ತುತ್ತಿರುವ ಪ್ರೊಪೆಲ್ಲರ್ ಬುಗುರಿಯ ಹಾಗೆ ತಿರುಗಿಬಿದ್ದು ಕ್ರ್ಯಾಂಕನ್ನು ಬಾಗಿಸಲು ನೋಡುತ್ತದೆ. ಕಾರ್ವೇರ್ ಎಂಜಿನ್‌ಗಳಲ್ಲಿ ಹೀಗೆ ಕ್ರ್ಯಾಂಕ್ ಮುರಿದ ಮೇಲೆಯೇ ಮುಂದುಗಡೆ ಐದನೆಯ ಬೇರಿಂಗ್ ಕೂರಿಸುವ ಪದ್ಧತಿ ಬಂತು.

ರಿಡಕ್ಷನ್ ಅಂದರೆ ಎರಡು ಪುಲ್ಲಿ, ಒಂದು ಬೆಲ್ಟು. ನಿಮ್ಮ ಲೇತ್‌ನಲ್ಲೇ ಮಾಡಬಹುದಲ್ವಾ?

ನಾನೂ ಹಾಗೇ ಅಂದುಕೊಂಡು ಶುರು ಮಾಡಿದೆ. 2.2ಕ್ಕೆ 1ರ ಹಲ್ಲು ಬೆಲ್ಟು, ಹನ್ನೆರಡು ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟು, ಒಳ್ಳೆಯ ಬೇರಿಂಗ್. ಸ್ಟಾರ್ಟ್ ಮಾಡಿದ ದಿನ ಊರಿಗೇ ಸಿಹಿ ಹಂಚುವಷ್ಟು ಖುಷಿಯಾಗಿತ್ತು. 1,400ರಿಂದ 1,700 ಸುತ್ತಿನ ನಡುವೆ ಮಾತ್ರ ಗಡಗಡ ಅನ್ನುತ್ತಿತ್ತು. ಮೇಲೆ ಹೋದರೆ ಆ ಸದ್ದು ನಿಂತುಹೋಗುತ್ತಿತ್ತು. ಐಡ್ಲಿಂಗ್‌ನಲ್ಲಿ ಎಲ್ಲ ಎಂಜಿನ್ನೂ ಸ್ವಲ್ಪ ಹೊಡೆದುಕೊಳ್ಳುತ್ತವೆ ಅಂತ ಬಿಟ್ಟುಬಿಟ್ಟೆ.

ಹನ್ನೊಂದು ಗಂಟೆ ಓಡಿದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಹಿಡಿದು ಒರೆಸುತ್ತಿದ್ದೆ. ಕೆಳಗಿನ ಪುಲ್ಲಿಯ ಫ್ಲ್ಯಾಂಜ್‌ನಲ್ಲಿ, ಬೋಲ್ಟ್ ತಲೆಯ ಸುತ್ತ, ಕುಂಕುಮದ ಡಬ್ಬಿ ಮುಚ್ಚಳಕ್ಕೆ ಅಂಟಿದ ಹಾಗೆ ಕೆಂಚಗಿನ ಪುಡಿ. ಬೆರಳಿಗೆ ಹತ್ತಿಸಿ ಉಜ್ಜಿದರೆ ನುಣುಪು. ತುಕ್ಕು ಹಿಡಿಯಲು ಅಲ್ಲಿ ನೀರೇ ಬಿದ್ದಿರಲಿಲ್ಲ. ಬಿಗಿಯಾಗಿ ಕೂತ ಎರಡು ಉಕ್ಕಿನ ಮುಖಗಳು ಕಣ್ಣಿಗೆ ಕಾಣದಷ್ಟು ಜಾರಿ ಜಾರಿ ಉಜ್ಜಿಕೊಂಡಾಗ ಹೀಗೆ ಪುಡಿ ಬರುತ್ತದೆ. ಬಿಚ್ಚಿ ನೋಡಿದರೆ ಗುಂಡಗೆ ಕೊರೆದಿದ್ದ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಬಿರುಕು ತೋರಿಸುವ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಪುಡಿ ಹೊಡೆದೆ. ಒಂದು ತೂತಿನಿಂದ ಕೂದಲೆಳೆಯಂಥ ಕೆಂಪು ಗೆರೆ ನಿಧಾನಕ್ಕೆ ಮೂಡಿ ಬಂತು. ಇನ್ನು ಕೆಲವು ಗಂಟೆ ಓಡಿಸಿದ್ದರೆ ಪ್ರೊಪೆಲ್ಲರ್ ಕಳಚಿಕೊಂಡು ಶೆಡ್ಡಿನ ಶೀಟು ಸೀಳಿಕೊಂಡು ಹೋಗುತ್ತಿತ್ತು.

ಆದದ್ದೇನು ಅಂದರೆ, ಎಂಜಿನ್ ಒಂದೇ ಸಮನೆ ತಿರುಗುವುದಿಲ್ಲ. ನಾಲ್ಕು ಸಿಲಿಂಡರ್ ಇದ್ದರೆ ಒಂದು ಸುತ್ತಿಗೆ ಎರಡು ಏಟು. 1,600 ಸುತ್ತಿಗೆ ಸೆಕೆಂಡಿಗೆ ಐವತ್ತಮೂರು ಏಟು. ಆ ಕಡೆ ಪ್ರೊಪೆಲ್ಲರ್ ಭಾರದ ಚಕ್ರದ ಹಾಗೆ ತನ್ನ ಪಾಡಿಗೆ ತಿರುಗುತ್ತಾ ಇರುತ್ತದೆ. ನಡುವಿನ ಬೆಲ್ಟು, ಶಾಫ್ಟು ಎಲ್ಲ ಸೇರಿ ತಿರುಚುವ ಸ್ಪ್ರಿಂಗ್. ಜೋಕಾಲಿಗೆ ಅದರದೇ ಒಂದು ಲಯ ಇರುವ ಹಾಗೆ ಈ ಜೋಡಣೆಗೂ ಒಂದು ಲಯ ಇರುತ್ತದೆ. ಎಂಜಿನ್‌ನ ಏಟು ಅದೇ ಲಯಕ್ಕೆ ಬಿದ್ದರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದಂತೆ, ತಿರುಚು ಏರುತ್ತಾ ಏರುತ್ತಾ ಹೋಗಿ ಉಕ್ಕನ್ನೇ ಸೀಳುತ್ತದೆ. ಕಾರಿನಲ್ಲಿ ಇದನ್ನು ನುಂಗಲು ಕ್ಲಚ್ ಪ್ಲೇಟಿನ ಸ್ಪ್ರಿಂಗು, ಉದ್ದದ ಶಾಫ್ಟು, ಟೈರಿನ ರಬ್ಬರ್ ಇವೆ. ವಿಮಾನಕ್ಕೆ ಕಟ್ಟುವಾಗ ನಾವು ಅವನ್ನೆಲ್ಲ ಕಿತ್ತು ಬಿಸಾಡಿರುತ್ತೇವೆ.

ಪರಿಹಾರಕ್ಕೆ ಎರಡು ದಾರಿ. ನಡುವಿನ ಜೋಡಣೆಯನ್ನು ಎಷ್ಟು ಗಟ್ಟಿ ಮಾಡಬೇಕು ಅಂದರೆ ಆ ಲಯ ಎಂಜಿನ್ ಎಂದೂ ಮುಟ್ಟದಷ್ಟು ಮೇಲಿರಬೇಕು. ಇಲ್ಲವೇ ಮೆತ್ತಗಿನ ರಬ್ಬರ್ ಕಪ್ಲಿಂಗ್ ಹಾಕಿ ಲಯವನ್ನು ಐಡ್ಲಿಂಗ್‌ಗಿಂತ ಕೆಳಕ್ಕೆ ಇಳಿಸಬೇಕು. ಆಗ ಸ್ಟಾರ್ಟ್ ಆಗುವಾಗ ಒಂದು ಕ್ಷಣ ದಾಟಿಕೊಂಡರೆ ಮುಗಿಯಿತು. ನಾನು ಎರಡನೆಯದನ್ನು ಹಿಡಿದೆ. ಹಗುರವಾಗಲಿ ಅಂತ ತುಂಡು ಮಾಡಿಸಿದ್ದ ಫ್ಲೈವ್ಹೀಲನ್ನು ಕೈಬಿಟ್ಟು ಕಂಪನಿಯದನ್ನೇ ವಾಪಸ್ ಹಾಕಿದೆ. ಪ್ರೊಪೆಲ್ಲರ್ ಮರದ್ದು, ಹಗುರ. ಅದರ ತೂಕ ತುದಿಗೆ ಹೋದಷ್ಟೂ ರಿಡಕ್ಷನ್‌ಗೆ ಕಷ್ಟ. ಹಗುರ ವಿಮಾನಗಳಿಗೆ ಎಂಜಿನ್ ಮಾಡುವ ರೋಟಾಕ್ಸ್ ಕಂಪನಿಯವರು ತಮ್ಮ 912 ಎಂಜಿನ್‌ಗೆ ಇಷ್ಟಕ್ಕಿಂತ ಭಾರದ ಪ್ರೊಪೆಲ್ಲರ್ ಕಟ್ಟಬೇಡಿ ಅಂತ ಕಟ್ಟುನಿಟ್ಟಾಗಿ ಮಿತಿ ಹಾಕಿರುವುದು ಇದಕ್ಕೇ.

ಕಿವಿಯಿಂದ ಅಳೆಯಲು ಹೋಗಬೇಡಿ. ಇಂಜಿನಿಯರಿಂಗ್ ಓದುತ್ತಿದ್ದ ಇಬ್ಬರು ಹುಡುಗಿಯರು ಬಂದು, ಎಂಜಿನ್ ಕಡೆಯ ರಿಂಗ್ ಗೇರಿಗೊಂದು, ಪ್ರೊಪೆಲ್ಲರ್ ಕಡೆಯ ಹಲ್ಲುಗಾಲಿಗೊಂದು ಹಲ್ಲು ದಾಟುವುದನ್ನು ಗುರುತಿಸುವ ಹಾಲ್ ಸೆನ್ಸರ್ ಇಟ್ಟು, ಎರಡೂ ಕಡೆಯ ವೇಗ ಒಂದೇ ಸುತ್ತಿನೊಳಗೆ ಹೇಗೆ ಏರಿಳಿಯುತ್ತದೆ ಅಂತ ಆಸಿಲೋಸ್ಕೋಪ್‌ನಲ್ಲಿ ತೋರಿಸಿದರು. ನಾಲ್ಕು ತಿಂಗಳು ನಾನು ಊಹೆಯಲ್ಲಿ ಒದ್ದಾಡಿದ್ದು ಆ ಒಂದು ಮಧ್ಯಾಹ್ನದಲ್ಲಿ ಕಣ್ಣಿಗೆ ಕಂಡಿತು.

ಮಾರುತಿ 800 ಎಂಜಿನ್ ಆಗುತ್ತದಾ? ಡೀಸೆಲ್?

ಮಾರುತಿ 800ರದು 796 ಸಿಸಿ, ಮೂರು ಸಿಲಿಂಡರ್, 37 ಎಚ್‌ಪಿ. ಒಬ್ಬರೇ ಕೂರುವ ತೀರಾ ಹಗುರದ ವಿಮಾನಕ್ಕೆ ಲೆಕ್ಕದಲ್ಲಿ ಸಾಕು, ಆದರೆ ಮೂರು ಸಿಲಿಂಡರ್‌ನ ಏಟು ಇನ್ನೂ ಒರಟು. ಇಬ್ಬರು ಕೂರಬೇಕೆಂದರೆ ಜಿಪ್ಸಿ ಕಿಂಗ್, ಎಸ್ಟೀಮ್‌ಗಳ ಜಿ13 ಎಂಜಿನ್ ವಾಸಿ. ಬ್ಲಾಕೂ ಅಲ್ಯೂಮಿನಿಯಂ, 80 ಎಚ್‌ಪಿ, ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಸುಜುಕಿಯ ಇದೇ ಜಿ ಸರಣಿಯನ್ನು ಹೊರದೇಶದಲ್ಲೂ ಬಹಳ ಜನ ವಿಮಾನಕ್ಕೆ ಕಟ್ಟಿದ್ದಾರೆ. ಗುಜರಿಯಿಂದ ತರುವುದಾದರೆ ಆರ್‌ಸಿ ರದ್ದಾದ ಕಾಗದ ಕೇಳಿ ತಗೊಳ್ಳಿ. ಎಂಜಿನ್ ನಂಬರ್ ಯಾವುದೋ ಕಳುವಿನ ಕೇಸಿನದ್ದಾದರೆ ಮುಂದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ.

ಡೀಸೆಲ್ ಬೇಡ ಅನ್ನುತ್ತೇನೆ. ಏಟು ಜೋರು, ತೂಕ ಜಾಸ್ತಿ. ಜರ್ಮನಿಯ ಥೀಲರ್ಟ್ ಕಂಪನಿ ಮರ್ಸಿಡಿಸ್ ಎ-ಕ್ಲಾಸ್‌ನ 1.7 ಲೀಟರ್ ಡೀಸೆಲ್ ಎಂಜಿನ್ನನ್ನು ವಿಮಾನಕ್ಕೆ ಒಗ್ಗಿಸಿ ಸರ್ಕಾರಿ ಮಾನ್ಯತೆಯನ್ನೂ ಪಡೆದಿತ್ತು. ಅಂಥ ಕಾರ್ಖಾನೆಯ ಎಂಜಿನ್‌ಗೂ ಮೊದಮೊದಲು ಗೇರ್‌ಬಾಕ್ಸನ್ನು 300 ಗಂಟೆಗೊಮ್ಮೆ ಇಳಿಸಬೇಕಿತ್ತು. ಪೋರ್ಷೆ ಕಂಪನಿ ತನ್ನ 911 ಕಾರಿನ ಎಂಜಿನ್ನನ್ನು 1980ರ ದಶಕದಲ್ಲಿ ವಿಮಾನಕ್ಕೆ ತಂದು ಕೆಲವೇ ವರ್ಷದಲ್ಲಿ ನಿಲ್ಲಿಸಿತು.

ಕಾರಿನ ಎಂಜಿನ್ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ವಿಮಾನದಲ್ಲಿ ಯಾಕೆ ಭಯ?

ಎಂಬತ್ತರ ವೇಗದಲ್ಲಿ ಬೆಂಗಳೂರಿಗೆ ಹೋಗುವಾಗ ಕಾರು ಬಳಸುವುದು ಹದಿನೈದು ಇಪ್ಪತ್ತು ಎಚ್‌ಪಿ. ಶಿರಾಡಿ, ಚಾರ್ಮಾಡಿ ಹತ್ತುವಾಗಲೂ ತಿರುವಿಗೊಮ್ಮೆ ಕಾಲು ಎತ್ತುತ್ತೀರಿ. ವಿಮಾನ ಮೇಲೇರುವಾಗ ಪೂರ್ತಿ ಥ್ರಾಟಲ್, ಮೇಲೆ ಹೋದ ಮೇಲೂ ಮುಕ್ಕಾಲು ಶಕ್ತಿ, ಗಂಟೆಗಟ್ಟಲೆ. ಇದನ್ನು ಕಾರಿಗೆ ಹೋಲಿಸುವುದಕ್ಕಿಂತ ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಕೆರೆ ಪಕ್ಕ ಹಗಲು ರಾತ್ರಿ ಸ್ಪ್ರಿಂಕ್ಲರ್ ಎಳೆಯುವ ಎಂಜಿನ್‌ಗೆ ಹೋಲಿಸಿ. ಅಂಥವನ್ನು ನೂರಾರು ಬಿಚ್ಚಿದ್ದೇನೆ. ಪಿಸ್ಟನ್, ಕ್ರ್ಯಾಂಕ್ ಹೋಗಿ ನಿಂತದ್ದು ಕಡಿಮೆ. ನೀರಿನ ಹೋಸ್ ಬಿರಿದಿದ್ದು, ಫ್ಯಾನ್ ಬೆಲ್ಟ್ ಹರಿದಿದ್ದು, ಡೀಸೆಲ್ ಪೈಪಿನಲ್ಲಿ ಕಸ, ಕಂಪನಕ್ಕೆ ತುಂಡಾದ ಬ್ರಾಕೆಟ್, ಸಡಿಲವಾದ ವೈರು, ಇವೇ ಹೆಚ್ಚು. ಆಕಾಶದಲ್ಲೂ ಕಾರಿನ ಎಂಜಿನ್‌ಗಳು ನಿಲ್ಲುವುದು ಬಹುಮಟ್ಟಿಗೆ ಹೀಗೇ. ಸುಜುಕಿಯವರು ಮಾಡಿದ ಭಾಗ ಗಟ್ಟಿಯಾಗೇ ಇರುತ್ತದೆ, ನಾವು ಸೇರಿಸಿದ್ದು ಕೈಕೊಡುತ್ತದೆ.

ಹಾಗಾಗಿ ನನ್ನ ಸ್ಟ್ಯಾಂಡ್‌ನಲ್ಲಿ ಪ್ರತಿ ಬೋಲ್ಟಿನ ಮೇಲೂ ಉಗುರುಬಣ್ಣದ ಒಂದು ಗೆರೆ ಇದೆ, ತಲೆಯಿಂದ ಪ್ಲೇಟಿನವರೆಗೆ. ಬೋಲ್ಟ್ ಕೂದಲಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ದಿನಾ ಓಡಿಸುವ ಮುಂಚೆ ಟಾರ್ಚ್ ಹಿಡಿದು ಒಂದೊಂದನ್ನೂ ನೋಡುತ್ತೇನೆ. ಹದಿನೈದು ನಿಮಿಷದ ಕೆಲಸ.

ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಒಂದು, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಒಂದು ಸಾಲದಾ?

ಸಾಲದು. ವಿಮಾನದ ಹಳೆಯ ಎಂಜಿನ್‌ಗಳಲ್ಲಿ ಪ್ರತಿ ಸಿಲಿಂಡರ್‌ಗೆ ಎರಡು ಪ್ಲಗ್, ಇಡೀ ಎಂಜಿನ್ನಿಗೆ ಎರಡು ಮ್ಯಾಗ್ನೆಟೋ (ತಾನೇ ಕರೆಂಟು ಹುಟ್ಟಿಸಿ ಕಿಡಿ ಕೊಡುವ ಸಾಧನ) ಇರುತ್ತವೆ. ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಕರೆಂಟಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್ ಹಾಗಲ್ಲ, ಕರೆಂಟು ಹೋದ ಕ್ಷಣ ನಿಂತುಬಿಡುತ್ತದೆ. ಎರಡು ಪಂಪ್, ಎರಡು ಬ್ಯಾಟರಿ, ಇಗ್ನಿಷನ್‌ಗೆ ಎರಡು ದಾರಿ, ಆಲ್ಟರ್ನೇಟರ್ ಸತ್ತರೂ ಕನಿಷ್ಠ ಅರ್ಧ ಗಂಟೆ ಎಂಜಿನ್ ಓಡಿಸುವಷ್ಟು ಚಾರ್ಜ್, ಇಷ್ಟು ಇಲ್ಲದೆ ನೆಲ ಬಿಡಬಾರದು. ಕಾರಿನ ಇಸಿಯು ಇಟ್ಟುಕೊಂಡರೆ ಇನ್ನೊಂದು ಎಚ್ಚರಿಕೆ: ಬಿಸಿಯಾದರೆ, ಯಾವುದೋ ಸೆನ್ಸರ್ ತಪ್ಪಿದರೆ ಅದು ಎಂಜಿನ್ ಉಳಿಸಲು ತಾನೇ ಶಕ್ತಿ ಇಳಿಸುತ್ತದೆ. ರಸ್ತೆ ಬದಿಗೆ ನಿಲ್ಲಿಸುವವನಿಗೆ ಅದು ಒಳ್ಳೆಯದು. ಮರದ ನೆತ್ತಿಯ ಮೇಲೆ ಏರುತ್ತಿರುವವನಿಗೆ ಎಂಜಿನ್ ಹಾಳಾದರೂ ಸರಿ, ಇನ್ನೆರಡು ನಿಮಿಷದ ಶಕ್ತಿ ಬೇಕು.

ನಮ್ಮೂರ ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ 1982ರಿಂದ ಇಸ್ರೋ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಉಪಗ್ರಹದಲ್ಲಿ ಮುಖ್ಯವಾದದ್ದಕ್ಕೆಲ್ಲ ಜೋಡಿ ಇರುತ್ತದೆ, ಒಂದು ಕೆಟ್ಟರೆ ಇಲ್ಲಿಂದಲೇ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಮೇಲೆ ಹೋದದ್ದನ್ನು ಅಲ್ಲೇ ನಿಲ್ಲಿಸಿ ರಿಪೇರಿ ಮಾಡಲಾಗುವುದಿಲ್ಲ ಎಂಬುದನ್ನು ಹಾಸನದವರಿಗೆ ಬೇರೆ ಊರಿನವರು ಹೇಳಿಕೊಡಬೇಕಾಗಿಲ್ಲ.

ರೇಡಿಯೇಟರ್ ಕಾರಿನದ್ದೇ ಇಡಬಹುದಾ?

ಅಳತೆ ಸರಿಹೋದರೆ ಇಡಬಹುದು. ಗಾಳಿಯ ದಾರಿ ಸರಿಯಿಲ್ಲದಿದ್ದರೆ ಎಷ್ಟು ದೊಡ್ಡದಿಟ್ಟರೂ ಕುದಿಯುತ್ತದೆ. ಪ್ರೊಪೆಲ್ಲರ್‌ಗೆ ಹೋಗುವ ಶಕ್ತಿಯಷ್ಟೇ ಹೆಚ್ಚುಕಡಿಮೆ ಶಾಖವಾಗಿ ನೀರಿಗೂ ಹೋಗುತ್ತದೆ. ಅದು ಅತಿ ಹೆಚ್ಚಾಗುವುದು ಮೇಲೇರುವಾಗ, ಅಂದರೆ ವೇಗ ಕಡಿಮೆ ಇದ್ದು ಗಾಳಿ ಕಡಿಮೆ ಸಿಗುವಾಗಲೇ. ಬಾಯಿ ಸಣ್ಣದಿಟ್ಟು, ನಿಧಾನಕ್ಕೆ ಅಗಲವಾಗುವ ಡಕ್ಟ್ ಮಾಡಿ, ಅಂಚುಗಳಲ್ಲಿ ಗಾಳಿ ಸೋರದಂತೆ ರಬ್ಬರ್ ಪಟ್ಟಿ ಕೊಟ್ಟು, ಹಿಂದೆ ಹೊರಹೋಗುವ ದಾರಿ ಧಾರಾಳವಾಗಿ ಬಿಡಿ. ವಿಮಾನ ಮೂತಿ ಎತ್ತಿದಾಗ ನೀರಿನ ದಾರಿಯಲ್ಲಿ ಯಾವುದು ಎಲ್ಲಕ್ಕಿಂತ ಎತ್ತರದಲ್ಲಿರುತ್ತದೋ ಅಲ್ಲಿ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಅದಕ್ಕಿಂತಲೂ ಮೇಲಿರಬೇಕು. ಸ್ಟ್ಯಾಂಡನ್ನು ಹದಿನೈದು ಡಿಗ್ರಿ ಎತ್ತಿ ಇಟ್ಟು ಓಡಿಸಿ ನೋಡಿದರೆ ಇದೂ ತಿಳಿಯುತ್ತದೆ, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ನಲ್ಲಿ ಆಯಿಲ್ ಹಿಂದಕ್ಕೆ ಸರಿದು ಪಿಕಪ್ ಪೈಪ್ ಗಾಳಿ ಎಳೆಯುತ್ತದೋ ಎಂಬುದೂ ತಿಳಿಯುತ್ತದೆ.

ಬಂಕಿನ ಪೆಟ್ರೋಲ್ ಹಾಕಬಹುದಾ?

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಇರುವ ಪೆಟ್ರೋಲ್. ತೋಟದವರಿಗೆ ಕಳೆ ಹೊಡೆಯುವ ಮಷೀನಿನ ಕಾರ್ಬುರೇಟರ್ ಡಯಾಫ್ರಮ್ ಯಾಕೆ ಬೇಗ ಗಟ್ಟಿಯಾಗಿ ಹೋಗುತ್ತದೆ ಅಂತ ಕೇಳಿ ನೋಡಿ. ಎಥನಾಲ್ ಹಳೆಯ ರಬ್ಬರ್ ತಿನ್ನುತ್ತದೆ, ಕೆಲವು ಜಾತಿಯ ಫೈಬರ್‌ಗ್ಲಾಸ್ ಟ್ಯಾಂಕಿನ ರೆಸಿನ್ ಕರಗಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ಬಿಟ್ಟರೆ ನೀರು ಹೆಚ್ಚಾಗಿ, ಎಥನಾಲೂ ನೀರೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ರೋಟಾಕ್ಸ್ 912ಕ್ಕೆ ಕಂಪನಿ ಒಪ್ಪುವುದು ಶೇಕಡಾ 10ರವರೆಗೆ ಮಾತ್ರ. ವಿಮಾನದ ಪೆಟ್ರೋಲ್ ಆದ ಆವ್‌ಗ್ಯಾಸ್ 100ಎಲ್ಎಲ್‌ನಲ್ಲಿ ಎಥನಾಲ್ ಇಲ್ಲ, ಸೀಸ ಇದೆ. ಅದು ಕಾರಿನ ಆಕ್ಸಿಜನ್ ಸೆನ್ಸರನ್ನು ಬೇಗ ಕೊಲ್ಲುತ್ತದೆ. ನಾನು ಹೋಸ್, ಓ-ರಿಂಗ್ ಎಲ್ಲ ಎಥನಾಲ್ ತಡೆಯುವಂಥವನ್ನೇ ಹಾಕಿ, ಟ್ಯಾಂಕ್ ಅಲ್ಯೂಮಿನಿಯಂನದ್ದು ಮಾಡಿ, ತಳದಲ್ಲಿ ಡ್ರೈನ್ ಇಟ್ಟು, ದಿನಾ ಬೆಳಿಗ್ಗೆ ಗಾಜಿನ ಲೋಟಕ್ಕೆ ಹಿಡಿದು ನೋಡುತ್ತೇನೆ.

ಕಾರ್ಬುರೇಟರ್ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. ಮೊದಲು ನನ್ನ ಹತ್ತಿರ ಹಳೆಯ ಕಾರ್ಬುರೇಟರ್ ಎಂಜಿನ್ ಇತ್ತು. ಒಂದು ಜುಲೈ ತಿಂಗಳು, ಸೋನೆ ಮಳೆ, 19 ಡಿಗ್ರಿ. ಥ್ರಾಟಲ್ ಮುಟ್ಟಿಯೇ ಇಲ್ಲ, ಸುತ್ತು ತಾನಾಗಿ ಇಳಿಯತೊಡಗಿತು. ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಹೋಗುವ ಮ್ಯಾನಿಫೋಲ್ಡ್ ಪೈಪು ಮುಟ್ಟಿದರೆ ಐಸ್‌ಕ್ಯಾಂಡಿಯ ಹಾಗೆ ತಣ್ಣಗೆ. ಪೆಟ್ರೋಲ್ ಆವಿಯಾಗುವಾಗ ಶಾಖ ಎಳೆದುಕೊಂಡು ಒಳಗಿನ ತೇವವನ್ನು ಮಂಜುಗಡ್ಡೆ ಮಾಡಿ ದಾರಿ ಮುಚ್ಚುತ್ತದೆ. ನಮ್ಮ ಮಲೆನಾಡಿನ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಸೈಲೆನ್ಸರ್ ಸುತ್ತಿನ ಬಿಸಿಗಾಳಿ ಕಾರ್ಬುರೇಟರಿಗೆ ಬಿಡುವ ವ್ಯವಸ್ಥೆ ಇರಲೇಬೇಕು.

ನಮ್ಮ ಊರಿನ ಎತ್ತರಕ್ಕೆ ಏನಾದರೂ ವ್ಯತ್ಯಾಸ ಆಗುತ್ತದಾ?

ಬಹಳ. ಹಾಸನ ಸಮುದ್ರಮಟ್ಟದಿಂದ ಸುಮಾರು 3,200 ಅಡಿ, ಚಿಕ್ಕಮಗಳೂರು ಇನ್ನೂ ಮುನ್ನೂರು ನಾನ್ನೂರು ಅಡಿ ಮೇಲೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದಾಗ ಹಾಸನದ ಗಾಳಿ 6,000 ಅಡಿ ಎತ್ತರದಲ್ಲಿರುವಷ್ಟು ತೆಳ್ಳಗಾಗಿರುತ್ತದೆ. ಸಾವಿರ ಅಡಿಗೆ ಶೇಕಡಾ ಮೂರರಷ್ಟು ಅಂತ ಹಿಡಿದರೂ 80 ಎಚ್‌ಪಿಯ ಎಂಜಿನ್ 65ಕ್ಕೆ ಇಳಿಯಿತು. ರೆಕ್ಕೆಗೂ ಅದೇ ತೆಳು ಗಾಳಿ, ಪ್ರೊಪೆಲ್ಲರ್‌ಗೂ ಅದೇ. ಮಂಗಳೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದರಿಂದ ದುಡ್ಡು ಉಳಿಯುತ್ತದಾ?

ಎಂಜಿನ್‌ಗೆ ನಾನು ಕೊಟ್ಟದ್ದು 38 ಸಾವಿರ. ಅದರ ಸುತ್ತ ಹಾಕಿದ್ದು ಇಲ್ಲಿಯವರೆಗೆ ಮೂರು ಲಕ್ಷ ದಾಟಿದೆ, ನನ್ನ ಕೂಲಿ ಬಿಟ್ಟು. ತೂಕವೂ ಹಾಗೇ: ರೋಟಾಕ್ಸ್ 912 ಅರವತ್ತು ಕೆಜಿಯ ಆಸುಪಾಸು, ನನ್ನದು ರಿಡಕ್ಷನ್, ರೇಡಿಯೇಟರ್, ನೀರು ಸೇರಿ ತೊಂಬತ್ತಾರು. ಬೇಗ ಹಾರಬೇಕು ಅನ್ನುವವರು ವಿಮಾನಕ್ಕೆಂದೇ ಮಾಡಿದ ಎಂಜಿನ್ ಕೊಳ್ಳಲಿ. ಎಂಜಿನ್ ಕೆಲಸವೇ ಇಷ್ಟ ಅನ್ನುವವರಿಗೆ ಇದು.

ನಮ್ಮ ತೋಟದ ಮೇಲೆ ನಾವು ಹಾರಿಸಿಕೊಂಡರೆ ಯಾರು ಕೇಳುತ್ತಾರೆ?

ಕಾನೂನು ಕೇಳುತ್ತದೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಜಮೀನು ನಿಮ್ಮದಾದರೂ ಅದರ ಮೇಲಿನ ಆಕಾಶ ನಿಮ್ಮದಲ್ಲ. ವಿಮಾನ ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯಲ್ಲಿ ನೋಂದಣಿಯಾಗಬೇಕು, ಹಾರಾಟದ ಅನುಮತಿ ಬೇಕು, ಹಾರಿಸುವವರಿಗೆ ಲೈಸೆನ್ಸ್ ಬೇಕು. ಮುಂಬೈನಲ್ಲಿ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಅಮೋಲ್ ಯಾದವ್ ಅದನ್ನು 2016ರಲ್ಲಿ ಜನರ ಮುಂದೆ ಇಟ್ಟರು, ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ. ಆದ್ದರಿಂದ ಮೊದಲ ರಿವೆಟ್ ಹೊಡೆಯುವ ಮುಂಚೆಯೇ ಡಿಜಿಸಿಎಗೆ ಬರೆಯಿರಿ, ಪ್ರತಿ ಹಂತದ ಫೋಟೊ, ಬಿಲ್ಲು, ಲೋಹದ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಹಾರುವುದನ್ನು ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ಶಾಲೆಯಂಥ ಕಡೆ ಸರಿಯಾಗಿ ಕಲಿಯಿರಿ.

ಇನ್ನು ತೋಟದ ವಿಷಯ. ಸಿಲ್ವರ್ ಓಕ್ ಮರಗಳ ಮೇಲೆ ಹಾರುವಾಗ ಎಂಜಿನ್ ನಿಂತರೆ ಇಳಿಯಲು ಒಂದು ಗುಂಟೆ ಬಯಲೂ ಇಲ್ಲ, ಅಡ್ಡಡ್ಡ ಕರೆಂಟ್ ತಂತಿ ಬೇರೆ. ಎಂದಾದರೂ ಅನುಮತಿ ಸಿಕ್ಕಿ ಹೊಸ ಎಂಜಿನ್ ಪರೀಕ್ಷೆ ಮಾಡುವ ದಿನ ಬಂದರೆ ಅದು ಉದ್ದದ ರನ್‌ವೇ ಇರುವ, ಸುತ್ತ ಬಯಲಿರುವ ಕಡೆ ಆಗಬೇಕು.

ಎಷ್ಟು ಗಂಟೆ ನೆಲದ ಮೇಲೆ ಓಡಿಸಬೇಕು? ನಿಮ್ಮದು ಎಲ್ಲಿಗೆ ಬಂತು?

ನಾನು ನೂರು ಗಂಟೆ ಅಂತ ಇಟ್ಟುಕೊಂಡಿದ್ದೇನೆ. ಅದರಲ್ಲಿ ಕನಿಷ್ಠ ಕಾಲು ಭಾಗ ಪೂರ್ತಿ ಥ್ರಾಟಲ್. ಸ್ಟ್ಯಾಂಡನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ, ಹಿಂದಿನಿಂದ ಚೈನ್ ಕಟ್ಟಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟು ಓಡಿಸಿ. ಸುತ್ತ ಜಲ್ಲಿ ಕಲ್ಲು ಇರದಂತೆ ಗುಡಿಸಿ, ಪ್ರೊಪೆಲ್ಲರ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು, ನಾಯಿ ಮಕ್ಕಳು ಗೇಟಿನಾಚೆ. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ, ನನ್ನ ಅಣ್ಣನ ಮಗನಿಗೂ ಇಲ್ಲ.

ರಬ್ಬರ್ ಕಪ್ಲಿಂಗ್ ಹಾಕಿ ಲೆಕ್ಕವನ್ನು ಮತ್ತೆ ಸೊನ್ನೆಯಿಂದ ಶುರು ಮಾಡಿದ ಮೇಲೆ 62 ಗಂಟೆ ಆಗಿದೆ. ಐವತ್ತಕ್ಕೆ ಬಿಚ್ಚಿ ಡೈ ಹಚ್ಚಿ ನೋಡಿದೆ, ಫ್ಲ್ಯಾಂಜ್ ಶುಭ್ರವಾಗಿತ್ತು. ಕಪ್ಲಿಂಗ್‌ನ ಒಂದು ರಬ್ಬರ್ ಮಾತ್ರ ಅಂಚಿನಲ್ಲಿ ಕಾಡಿಗೆಯಂಥ ಪುಡಿ ಬಿಡುತ್ತಿತ್ತು. ಅದನ್ನು ಬದಲಾಯಿಸಿ, ಯಾವ ಕಡೆ ಸವೆದಿದೆ ಅಂತ ಗುರುತು ಹಾಕಿ ಡಬ್ಬಿಯಲ್ಲಿಟ್ಟಿದ್ದೇನೆ. ಸ್ಪ್ರಿಂಕ್ಲರ್ ಸೀಸನ್ ಕೆಲಸ ಮುಗಿದ ಮೇಲೆ ಉಳಿದ 38 ಗಂಟೆ.